ಆಟದ ನಡುವೆ ಕಸಿದ ಫೋನು

ನಾವು ಕಲಬುರ್ಗಿಯಿಂದ ಹೈದರಾಬಾದಿಗೆ ಬಂದ ವರ್ಷ ಮಗಳು ಆರನೇ ತರಗತಿಯಲ್ಲಿದ್ದಳು. ಗಂಡನಿಗೆ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಗೆ ವರ್ಗವಾಗಿತ್ತು. ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಮನೆ, ಜೊತೆಗೆ ನನ್ನ ಅತ್ತೆ. ನನಗೂ ಮಣಿಕೊಂಡದ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ನಾನು ಬರುವುದು ತಡವಾಗುತ್ತದೆಂದು ಮಗಳ ಕೈಗೆ ಒಂದು ಫೋನು ಕೊಟ್ಟೆವು.

ಅವಳು ಅದರಲ್ಲಿ ಗೇಮ್ ಆಡುವುದು ಮೊದಮೊದಲು ನಮಗೆ ಸಮಾಧಾನವೇ ಆಗಿತ್ತು. ಹೊಸ ಊರಲ್ಲಿ ಹಟ ಮಾಡದೆ ಇದ್ದಾಳಲ್ಲ, ಸಾಕು ಅನ್ನಿಸಿತ್ತು. ಬರಬರುತ್ತ ತಟ್ಟೆಯಲ್ಲಿನ ಅನ್ನ ಆರಿಹೋಗತೊಡಗಿತು, ಕರೆದರೆ ಓಗೊಡುವುದೂ ನಿಂತಿತು. ಬೈದರೆ, "ಇದೊಂದ ಮ್ಯಾಚ್, ಮಮ್ಮಿ" ಅನ್ನುತ್ತಿದ್ದಳು. ಆ ಒಂದು ಮುಗಿಯುತ್ತಲೇ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ. ನಾನು ಹೋಗಿ ಆಟದ ನಡುವೆಯೇ ಫೋನು ಕಸಿದುಕೊಂಡೆ. ಅವಳು ಕಿರುಚುತ್ತ ನನ್ನ ಮೈಮೇಲೆ ಬಂದಳು. ಬಿಡಿಸಲೆಂದು ಅತ್ತೆ ನಡುವೆ ಬಂದರು. ಮಗಳು ಜೋರಾಗಿ ತಳ್ಳಿದಳು. ತಳ್ಳಲು ಹೋದದ್ದು ನನ್ನನ್ನು, ಬಿದ್ದವರು ಅತ್ತೆ.

ಮಣಿಕಟ್ಟಿನ ಎಲುಬು ಮುರಿದಿದೆ ಎಂದರು ಆಸ್ಪತ್ರೆಯಲ್ಲಿ. ಹೇಗಾಯಿತೆಂದು ಡಾಕ್ಟರು ಹಿಂದಿಯಲ್ಲಿ ಕೇಳಿದಾಗ, ಬಚ್ಚಲಲ್ಲಿ ಜಾರಿಬಿದ್ದೆ ಎಂದುಬಿಟ್ಟರು ಅತ್ತೆ. ಬಾಗಿಲ ಬಳಿ ನಿಂತಿದ್ದ ಮಗಳಿಗೆ ಅದು ಕೇಳಿಸಿತು. ಮನೆಗೆ ಬಂದ ಮೇಲೂ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ನಾನು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಕೇಳಲೂ ಇಲ್ಲ. ಪೀಡೆ ತೊಲಗಿತು ಅಂದುಕೊಂಡಿದ್ದೆ. ಒಂದು ಸಂಜೆ ಬೇಗ ಮನೆಗೆ ಬಂದರೆ, ಅತ್ತೆಯ ಪಕ್ಕದಲ್ಲೇ ಕೂತು ಅತ್ತೆಯ ಫೋನಿನಲ್ಲಿ ಆಡುತ್ತಿದ್ದಾಳೆ. ನನ್ನನ್ನು ಕಂಡವಳೇ ಫೋನು ಕೆಳಗಿಟ್ಟು ಗೋಡೆಗೆ ಆತುಕೊಂಡಳು.

"ನೀವ್ಯಾಕ ಕೊಟ್ರಿ, ಅತ್ತಿ?"

"ಸಾಲಿಯಿಂದ ಬಂದು ದಿನಾ ಒಬ್ಬಾಕೀನ ಕುಂತು ಅಳತೈತಿ ಕೂಸು," ಎಂದರು ಅತ್ತೆ, ಪಟ್ಟಿ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. "ಯಾಕ ಅಂತ ಒಮ್ಮೆರ ಕೇಳು."

ಕೇಳಿದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಸಾಲ್ಯಾಗ ನಾ ತೆಲುಗು ಮಾತಾಡಿದ್ರ ಎಲ್ಲಾರೂ ನಗತಾರ. ಗೇಮಿನ್ಯಾಗ ಯಾರೂ ನಗಂಗಿಲ್ಲ. ನಾ ಇಲ್ಲಂದ್ರ ನಮ್ಮ ಟೀಮ್ ಸೋಲತೈತಿ, ಮಮ್ಮಿ."

ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ ಸೇರಿ ಒಂದು ಮಾತಿಗೆ ಬಂದೆವು. ಆಟ ನಡುಮನೆಯಲ್ಲಿ, ನಾನು ಮನೆಯಲ್ಲಿರುವಾಗ ಮಾತ್ರ. ನಡುವೆ ಯಾರೂ ಕಸಿಯುವಂತಿಲ್ಲ. ಮ್ಯಾಚ್ ಮುಗಿದರೆ ಫೋನು ಅವಳೇ ತಂದು ಕೊಡಬೇಕು. ಗಂಡ ಶಾಲೆಗೆ ಹೋಗಿ ಟೀಚರ ಜೊತೆ ಮಾತಾಡಿ ಬಂದರು.

ಕೆಲವು ದಿನ ತಾನಾಗಿ ತಂದು ಕೊಡುತ್ತಾಳೆ. ಕೆಲವು ದಿನ ನನ್ನ ಮುಂದೆ ಕುಕ್ಕಿ ಒಳಗೆ ಹೋಗಿಬಿಡುತ್ತಾಳೆ. ಕೆಳಗಿನ ಮನೆಯ ಹುಡುಗಿಯ ಜೊತೆ ಶಟಲ್ ಆಡಲು ಕಳಿಸಿದರೆ ಹೋಗುತ್ತಾಳೆ, ಬೇಗನೆ ಮೇಲೆ ಬಂದುಬಿಡುತ್ತಾಳೆ. ಅತ್ತೆಯ ಎಲುಬು ಕೂಡಿದೆ, ಆದರೆ ಆ ಕೈಯಿಂದ ಈಗ ರೊಟ್ಟಿ ಬಡಿಯಲಾಗುವುದಿಲ್ಲ. ಅವರ ಜಾಗದಲ್ಲಿ ನಾನು ಬಡಿಯಲು ಕೂತರೆ ಮಗಳು ಅಡುಗೆಮನೆಯೊಳಗೆ ಬರುವುದಿಲ್ಲ.