ಹರಿಗೋಲಿನ ಹೊಲಿಗೆ

ಕುರುಗೋಡಿನ ಬಂಡೆಗಳ ನಡುವೆ ಬೆಳೆದ ನನಗೆ ಹೊಳೆಯ ಗಂಡ ಸಿಕ್ಕ. ಸಿರುಗುಪ್ಪದ ಹತ್ತಿರ, ಕೆಂಚನಗುಡ್ಡದ ದಡದಲ್ಲಿ ಅವನು ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದ. ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆಯ ತೊಗಲು ಹೊಲಿದರೆ ಹರಿಗೋಲು. ಆ ಹೊಲಿಗೆ ಮದುವೆಯಾದ ವರ್ಷವೇ ನನ್ನ ಪಾಲಿಗೆ ಬಂತು.

ಗಂಡನ ಬೇನೆಯೂ ಜೊತೆಗೇ ಬಂತು. ಕೆಲವು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಉಣ್ಣು ಎಂದರೆ ಉಣ್ಣ, ಏಳು ಎಂದರೆ ಏಳ. ಆಮೇಲೆ ಎದ್ದನೆಂದರೆ ನಿದ್ದೆಯೇ ಇಲ್ಲ. ಮಾತು, ಹಾಡು, ಕಂಡವರಿಗೆಲ್ಲ ಊಟದ ಕರೆ. ಬೇಯಿಸಬೇಕಾದವಳು ನಾನು. ತುಂಬಿದ ಹೊಳೆಗೂ ಹರಿಗೋಲು ಇಳಿಸುತ್ತಿದ್ದ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಊರವರಿಗೆ ಅದು ಬೇನೆಯಾಗಿ ಕಾಣಲೇ ಇಲ್ಲ. "ಗಂಗಮ್ಮ ಮೈಮ್ಯಾಗ ಬಂದಾಳ" ಎಂದು ಹಾರ ಹಾಕಿ, ನಿದ್ದೆಗೆಟ್ಟವನನ್ನೇ ಮುಂದೆ ಕೂರಿಸಿಕೊಂಡು ಬೆಳಗಿನವರೆಗೆ ಭಜನೆ ಮಾಡಿದರು. ಮಲಗಿದಾಗ "ಅಮ್ಮ ಮುನಿದಾಳ" ಎಂದು ಉಪವಾಸ ಕೆಡವಿದರು. ಬಿಟ್ಟಿದ್ದರೆ ಕೊಂದೇಬಿಡುತ್ತಿದ್ದರು, ಅದೂ ಭಕ್ತಿಯಿಂದ. ಬಳ್ಳಾರಿಯ ವೈದ್ಯರೊಬ್ಬರು ಮದರಾಸಿನ ಹುಚ್ಚರ ಆಸ್ಪತ್ರೆಗೆ ಕಳಿಸು ಎಂದರು. ಅಷ್ಟು ದೂರ ಅವನೊಬ್ಬನನ್ನೇ ಕಳಿಸಲು ನನಗೆ ಮನಸ್ಸು ಬರಲಿಲ್ಲ.

ನನಗೆ ಗೊತ್ತಿದ್ದದ್ದು ಹೊಲಿಗೆ ಒಂದೇ. ಅವನ ನಿದ್ದೆ ಕೆಟ್ಟಿತೆಂದು ತಿಳಿದ ಕೂಡಲೇ, ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಹೊಲಿಗೆ ಬಿಚ್ಚಿ ತೊಗಲನ್ನು ಮನೆಗೆ ಹೊತ್ತು ತರುತ್ತಿದ್ದೆ. ತೊಗಲಿಲ್ಲದ ಬುಟ್ಟಿ ತೇಲುವುದಿಲ್ಲ. ಅವನು ಬೈಯುತ್ತಿದ್ದ, ತಟ್ಟೆ ಎಸೆಯುತ್ತಿದ್ದ. "ದೇವ್ರ ಕೆಲಸಕ್ಕ ಅಡ್ಡ ಬರ್ತಾಳ ನೋಡ್ರಿ" ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವನು ಶಾಂತನಾದ ಮೇಲೆ ಮತ್ತೆ ಹೊಲಿಯುತ್ತಿದ್ದೆ. ಆಗ, "ನಿದ್ದಿ ಕೆಟ್ರ ಮೊದ್ಲ ನನಗ ಹೇಳು" ಎಂದು ಬೇಡಿಕೊಂಡರೆ ನಕ್ಕು ಹೊಳೆಯ ಕಡೆ ಹೊರಟುಬಿಡುತ್ತಿದ್ದ.

ಬಿಚ್ಚುವುದು, ಹೊಲಿಯುವುದು. ಬೆರಳು ಜಡ್ಡುಗಟ್ಟಿದವು. ಮುಳುಗಿದರೆ ಮುಳುಗಲಿ ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅಷ್ಟು ದಣಿದಿದ್ದೆ.

ಒಂದು ಮುಂಗಾರಿನಲ್ಲಿ ಹೊಳೆ ಕೆಂಪಾಗಿ ಏರುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವನು ಬಂದು, ಒಲೆಯ ಮುಂದೆ ಕೂತು, ಹೊಲಿಗೆ ಬಿಚ್ಚುವ ಚೂರಿಯನ್ನು ನನ್ನ ಮುಂದಿಟ್ಟ. ಕಣ್ಣು ಹೊಳೆಯುತ್ತಿದ್ದವು.

"ನಿದ್ದಿ ಬರವಲ್ದು. ಹೊಳಿ ಕರದಂಗ ಆಗಾಕತ್ತೈತಿ," ಎಂದ. "ಲಗೂನ ಹೋಗಿ ಬಿಚ್ಚು. ಆಮ್ಯಾಲ ನಾ ಬ್ಯಾಡ ಅಂದ್ರೂ ಕೇಳಬ್ಯಾಡ."

ಹೆಂಚಿನ ಮೇಲೆ ರೊಟ್ಟಿ ಸೀದುಹೋಯಿತು. ನಾನು ಚೂರಿ ತೆಗೆದುಕೊಂಡು ದಡಕ್ಕೆ ಹೋದೆ. ಅವನು ಹಿಂದೆಯೇ ಬಂದು, ನಾನು ಬಿಚ್ಚುವಾಗ ತೊಗಲಿನ ಇನ್ನೊಂದು ತುದಿ ಹಿಡಿದುಕೊಂಡ. ಅಷ್ಟು ವರ್ಷ ನಾನೊಬ್ಬಳೇ ಹೊತ್ತ ತೊಗಲು ಅವತ್ತು ಇಬ್ಬರ ಹೆಗಲ ಮೇಲೆ ಮನೆಗೆ ಬಂತು.