ಕಾಕೂ ಸೀರೆಯ ಅಂಚು

ನಾಸಿಕ್ ಬಳಿಯ ಹರಿಹರ ಕೋಟೆಯ ಕಡಿದಾದ ಕಲ್ಲುಮೆಟ್ಟಿಲುಗಳ ನಡುವೆ ನನ್ನ ಕಾಲು ಮೇಲೇಳಲೇ ಇಲ್ಲ. ಆಗಷ್ಟೇ ದಾಟಿ ಬಂದಿದ್ದ ಕಾಡು ಕೆಳಗೆ ಅಂಗೈಯಷ್ಟು ಕಾಣುತ್ತಿತ್ತು. ನಮ್ಮ ಚಾರಣದ ಗುಂಪಿಗೇ ಹಿರಿಯರಾದ, ನಾವೆಲ್ಲ ಚಿಕ್ಕಮ್ಮನಂತೆ ಕಾಣುತ್ತಿದ್ದ ಬೀದರಿನ ಕಾಕೂ ಸೀರೆಯನ್ನು ಕಚ್ಚೆ ಕಟ್ಟಿ ನನ್ನ ಮುಂದೆಯೇ ಹತ್ತುತ್ತಿದ್ದರು.

“ಕಾಕೂ, ನನ್ನ ಕಡಿಂದ ಆಗಂಗಿಲ್ರಿ. ನೀವು ಹೋಗ್ರಿ” ಎಂದೆ.

“ಇಷ್ಟ ಕಲ್ತಾಂವ, ಮೆಟ್ಟಲಾ ಏರಾಕ ಬರಂಗಿಲ್ಲೇನು? ಕೆಳಗ ನೋಡಬ್ಯಾಡ ತಮ್ಮಾ. ನನ್ನ ಸೀರಿ ಅಂಚಷ್ಟ ನೋಡ್ಕೋತ ಬಾ.”

ಮೆಟ್ಟಿಲು ಮೆಟ್ಟಿಲಿಗೂ “ಬಂದ್ಯೇನೋ?” ಎಂದು ಕೇಳುತ್ತ ಅವರು ನನ್ನನ್ನು ಕೋಟೆಬಾಗಿಲು ಮುಟ್ಟಿಸಿದರು.

ಆ ಹಸಿರು ಅಂಚನ್ನೇ ನೋಡುತ್ತ ಹತ್ತಿದೆನೆಂದು ಎಲ್ಲರಿಗೂ ಹೇಳುತ್ತಿದ್ದೆ. ಮೊನ್ನೆ ಆ ದಿನದ ಗುಂಪಿನ ಫೋಟೊ ನೋಡಿದರೆ ಅಂಚು ಕೆಂಪು. ಬಹುಶಃ ಕಣ್ಣು ಮುಚ್ಚಿಕೊಂಡೇ ಹತ್ತಿರಬೇಕು. “ಬಂದ್ಯೇನೋ?” ಎಂಬ ಆ ದನಿಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.