ಉಡಿ ತುಂಬುವಾಗ ಹೇಳಿದ ಹೆಸರು

ಮೊಮ್ಮಗಳ ಕೆಮ್ಮಿಗೆಂದು ಮೊನ್ನೆ ಜೇಷ್ಠಮಧು ಕುದಿಯಲಿಟ್ಟಿದ್ದೆ. ಹಬೆ ಮೂಗಿಗೆ ತಾಗಿದ್ದೇ ತಡ, ನನ್ನ ಸಿಂಗಿಂಗ್ ಮೇಡಂ ಅಡುಗೆಮನೆಗೆ ಬಂದು ನಿಂತಂತಾಯಿತು. ಅವರ ಉಸಿರಿಗೆ ಸದಾ ಇದೇ ವಾಸನೆ. ಅವರು ಹುಟ್ಟಿದ ಇಟಲಿಯಲ್ಲೂ ಹಾಡುವವರು ಈ ಬೇರನ್ನೇ ಜಗಿಯುತ್ತಾರಂತೆ. ಕೌಲ್ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಮೊದಲ ಸಲ ಅದನ್ನು ಕಂಡಾಗ, ಸದಾ ಇದೇ ಬೇರು ಇರುತ್ತಿದ್ದ ತಂದೆಯ ಕೋಟಿನ ಜೇಬು ನೆನಪಾಗಿ ಅವರಿಗೆ ಕಣ್ಣು ತುಂಬಿತ್ತಂತೆ...

ಅದು ಇಂಗ್ಲೆಂಡಿನ ಮಹಾರಾಣಿ ನಮ್ಮನ್ನಾಳುತ್ತಿದ್ದ ಕಾಲ. ಅರಳೆ ವ್ಯಾಪಾರದ ನನ್ನಪ್ಪ, ಲಿಂಗವಂತರ ಹುಡುಗಿಗೆ ದೊರೆಗಳ ಶಾಲೆ ಯಾಕೆಂದು ನೆಂಟರು ಆಡಿಕೊಂಡರೂ ಕೇಳದೆ, ಬಳ್ಳಾರಿಯ ಕಾನ್ವೆಂಟಿಗೆ ನನ್ನನ್ನು ಸೇರಿಸಿದ್ದರು. ಅಲ್ಲಿ ಪಿಯಾನೋ ನುಡಿಸಿ ನಮಗೆ ಹಾಡು ಕಲಿಸುತ್ತಿದ್ದವರು ಈ ಮೇಡಂ.

ಅವರ ತಂದೆ ಆಪೆರಾ ಹಾಡುಗಾರರು. ಆಪೆರಾ ಅಂದರೆ ನಮ್ಮ ಬಯಲಾಟದಂತೆ, ಕಥೆಯನ್ನೆಲ್ಲ ಹಾಡಿಯೇ ಹೇಳುವ ಆಟ. ಅವರ ಸರ್‌ನೇಮು, ನಮ್ಮ ಮಾತಿನಲ್ಲಿ ಮನೆತನದ ಹೆಸರು, ಬಲು ಅಪರೂಪದ್ದು. ಇಡೀ ಇಟಲಿಗೆ ಅವರದೊಂದೇ ಮನೆ. ಅಜ್ಜ, ಮುತ್ತಜ್ಜ ಎಲ್ಲ ಹಾಡಿದವರೇ ಆದ್ದರಿಂದ ಆ ಹೆಸರು ಕೂಗಿದರೆ ಸಾಕು, ಥಿಯೇಟರ್ ಸೈಲೆಂಟ್ ಆಗುತ್ತಿತ್ತಂತೆ. ಮೇಡಮ್ಮಿಗೆ ಅಣ್ಣತಮ್ಮಂದಿರಿರಲಿಲ್ಲ. ತಂದೆ ತೀರಿಹೋಗಿದ್ದರು. ತಾವು ಮದುವೆಯಾಗಿ ಇಂಗ್ಲಿಷ್ ಗಂಡನ ಹೆಸರಿಗೆ ಬಂದಿದ್ದರು. ಗಂಡ ಪಲ್ಟನ್ನಿನ ಸಾರ್ಜೆಂಟು. ಆಟದವರ ಮಗಳೆಂದು ಗೊತ್ತಾದರೆ ಕಂಟೋನ್ಮೆಂಟಿನ ಹೆಂಗಸರು ಹೊಸ್ತಿಲು ತುಳಿಸುವುದಿಲ್ಲ, ಆ ಹೆಸರು ಎತ್ತಕೂಡದು ಎಂದು ಗಂಡ ಕಟ್ಟು ಹಾಕಿದ್ದರು.

“ನಾನು ಸಾಯೋದಕ್ಕೆ ಭಯವಿಲ್ಲ, ಡಿಯರ್. ಆ ಹೆಸರು ಯಾರ ಬಾಯಲ್ಲೂ ಇಲ್ಲದ ಹಾಗೆ ಹೋಗುತ್ತಲ್ಲ,” ಎಂದು ಒಮ್ಮೆ ಪಿಯಾನೋ ಮುಚ್ಚುತ್ತಾ ನನಗೆ ಇಂಗ್ಲಿಷಿನಲ್ಲಿ ಹೇಳಿದ್ದರು.

ಅಕ್ಕನನ್ನು ಕುರುಗೋಡಿಗೆ ಕೊಟ್ಟೆವು. ಮದುವೆಗೆ ಮೇಡಂ ನಮ್ಮ ಗಾಡಿಯಲ್ಲೇ ಬಂದರು. ಹಕ್ಕಿ ಬೇಟೆಗೆಂದು ಆ ಕಡೆ ಹೋಗಿದ್ದ ಗಂಡ, ಸಂಜೆ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು.

ನಮ್ಮ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವವರಲ್ಲ. ಮದುವೆಯಲ್ಲಿ, ಉಡಿ ತುಂಬುವಾಗ, ಒಡಪು ಕಟ್ಟಿ ಪದ್ಯದೊಳಗೆ ಇಟ್ಟು ಹೇಳಬೇಕು. ಹೇಳುವ ತನಕ ಬಿಡುವುದೂ ಇಲ್ಲ. ಮೇಡಂ ಗೌನಿನ ಮೇಲೆ ಶಾಲು ಹಾಸಿಕೊಂಡು ಕೂತಿದ್ದರು. ಅಕ್ಕಿ, ಕೊಬ್ಬರಿ, ಕುಬಸ ಹಿಡಿದು ಎದುರು ನಿಂತ ನನ್ನ ಸೋದರತ್ತೆ ಕೈ ತಡೆದರು.

“ಹೆಸರು ಹೇಳ್ರಿ ದೊರಸಾನಿ. ಇಲ್ಲಾಂದ್ರ ಬರೇ ಉಡೀಲೆ ಹೋಗ್ತೀರಿ ನೋಡ್ರಿ.”

ಗಂಡನ ಹೆಸರು ಮರೆತಿದ್ದಾರೇನೋ ಪಾಪ ಎಂದು ಹಿಂದಿನಿಂದ ಯಾರೋ ಕೆಣಕಿದರು. ನಾನು ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ಹಾಡಿನಲ್ಲೇ ಹೇಳಬಹುದೇ ಎಂದು ಕೇಳಿದರು. ಹೌದು ಮೇಡಂ, ಅಂದೆ. ಅವರು ಎದ್ದು ನಿಂತರು.

ಕ್ಲಾಸಿನಲ್ಲಿ ನಾವು ಕೇಳಿದ್ದು ಅವರ ದನಿಯ ಒಂದು ಚೂರು ಎಂದು ಆಗ ತಿಳಿಯಿತು. ಹಾಡಿನ ಮಾತು ಒಂದೂ ಅರ್ಥವಾಗಲಿಲ್ಲ. ಕೊನೆಗೆ ಬಂದ ಹೆಸರು ಮಾತ್ರ ಅರ್ಥವಾಯಿತು. ಅದು ಗಂಡನದಲ್ಲ, ತಂದೆಯ ಮನೆತನದ್ದು. ಅಂಗಳ ದಾಟಿ ಹೋದ ಆ ಹೆಸರನ್ನು ಹಿಂದಿನ ಬಂಡೆಗುಡ್ಡ ತಿರುಗಿ ಹೇಳಿತು.

“ಅದ ಏನವಾ ಸಾಹೇಬರ ಹೆಸರು?” ಅತ್ತೆ ನನ್ನನ್ನು ಕೇಳಿದರು.

ಮೇಡಂ ನನ್ನ ಮುಖ ನೋಡಿದರು. “ಹೌದ್ ಅತ್ತಿ, ಅದ,” ಅಂದೆ.

ಉಡಿ ತುಂಬಿತು. ಹೆಂಗಸರೆಲ್ಲ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಇಂಗ್ಲಿಷಿನವರಾದರೆ ಕೊನೆಯ ಸ್ವರ ನುಂಗುತ್ತಿದ್ದರೇನೋ, ನಮ್ಮವರು ಪೂರ್ತಿ ಬಾಯಿಬಿಟ್ಟು ಹೇಳಿದರು.

ಸಂಜೆ ಬಾಗಿಲಲ್ಲಿ ಜಟಕಾ ನಿಂತಿತು. ಸಾರ್ಜೆಂಟರು ಇನ್ನೂ ಇಳಿಯುತ್ತಿದ್ದಾಗಲೇ ಅತ್ತೆ ಆ ಹೆಸರಿಗೆ ದೊರೆಗಳು ಎಂದು ಸೇರಿಸಿ, ಬಂದರು, ಕುರ್ಚಿ ಹಾಕಿರಿ ಎಂದು ಕೂಗಿದರು. ಮಕ್ಕಳೆಲ್ಲ ಅದನ್ನೇ ಹಿಡಿದು ಕೂಗಿದವು. ಸಾರ್ಜೆಂಟರ ಒಂದು ಕಾಲು ಜಟಕಾದ ಮೆಟ್ಟಿಲ ಮೇಲೆಯೇ ಉಳಿಯಿತು. ಮುಖ ಕೆಂಪಾಯಿತು. ಮೇಡಂ ಉಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದರು. ಗಂಡ ಇನ್ನು ಇವರನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ, ನಮ್ಮ ಹಾಡೂ ಮುಗಿಯಿತು ಅಂದುಕೊಂಡೆ. ಅತ್ತೆ ಸೆರಗಿನಿಂದ ಕುರ್ಚಿ ಒರೆಸಿ, ಪಾನಕ ಹಿಡಿದು, ಅದೇ ಹೆಸರಿನಿಂದ ಮತ್ತೆ ಕರೆದರು.

ಸಾರ್ಜೆಂಟರು ಹ್ಯಾಟ್ ತೆಗೆದರು. ಹೆಂಡತಿಯ ಹತ್ತಿರ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ, “ಅಂತೂ ನೀನು ನನ್ನನ್ನೇ ನಿಮ್ಮ ಮನೆತನಕ್ಕೆ ಸೇರಿಸಿಕೊಂಡೆ,” ಅಂದರು. ಕುರ್ಚಿಯಲ್ಲಿ ಕೂತು ಪಾನಕ ಕುಡಿದರು. ಮನೆಅಳಿಯ ಅಂದರೆ ಇವರೇ ಎಂದು ನನಗೆ ನಗು ಬಂತು. ಮೇಡಂ ಮಾತ್ರ ಅಳುತ್ತಿದ್ದರು.

ಮುಂದೆ ಪಲ್ಟನ್ನು ಬೇರೆ ಊರಿಗೆ ಹೋಯಿತು, ಅವರೂ ಹೋದರು. ಮತ್ತೆ ಕಾಣಲಿಲ್ಲ... ಕುರುಗೋಡಿನಲ್ಲಿ ಆ ಹೆಸರು ಬಹಳ ಕಾಲ ಉಳಿಯಿತು. ಒಡಪು ಹೇಳಲು ನಾಚುವ ಸೊಸೆಯಂದಿರಿಗೆ, ಹಾಡುವ ದೊರಸಾನಿ ಎದ್ದು ನಿಂತು ಹೇಳಿದ್ದಳು ಎಂದು ಆ ಹೆಸರನ್ನು ಹೇಳಿ ತೋರಿಸುತ್ತಿದ್ದರು. ಆ ಹೆಸರು ಬಲ್ಲವರೂ ಒಬ್ಬೊಬ್ಬರಾಗಿ ತೀರಿಹೋದರು. ಉಳಿದಿದ್ದವಳು ಅಕ್ಕ. ಈ ಚಳಿಗಾಲದಲ್ಲಿ ಅವಳೂ...

ನನ್ನವರ ಹೆಸರನ್ನು ಅವರು ಹೋದ ಮೇಲೂ ಒಡಪಿಲ್ಲದೆ ಹೇಳಿದವಳಲ್ಲ ನಾನು. ಆದರೆ ಮೊನ್ನೆ ಒಲೆಯ ಮುಂದೆ ನಿಂತು ಮೇಡಮ್ಮಿನ ಆ ಮನೆತನದ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಕೊನೆಯ ಸ್ವರಕ್ಕೆ ಉಸಿರು ಸಾಲಲಿಲ್ಲ.

“ಯಾರನ್ನ ಕರದಿ ಅಜ್ಜಿ?” ಒಳಗಿನಿಂದ ಮೊಮ್ಮಗಳು ಕೇಳಿದಳು.

ಯಾರೂ ಇಲ್ಲವ್ವಾ ಎಂದು ಒಲೆ ಆರಿಸಿದೆ.